ದನಿ ಏರಿಸದ ವರ್ಷ

"ಬೇಕಂತಲೇ ಒದ್ದಿದ್ದು ನೀವು. ನನ್ನ ಕಣ್ಣೆದುರಿಗೇ ಒದ್ರಿ. ಈಗ ಈ ನೀರನ್ನೆಲ್ಲ ಯಾರು ಬಳೀಬೇಕು, ನಿಮ್ಮ ಮಗನಾ?"

ಸೊಸೆಯ ಕೂಗಿಗೆ ಎದುರು ಮನೆಯ ನಾಯಿ ಬೊಗಳಿತು. ಬೇಸಿನ್ ಮಗುಚಿ, ಸೋಪಿನ ನೀರು ಮಂಚದ ಕೆಳಗೆಲ್ಲ ಹರಿದಿತ್ತು. ಅರ್ಧ ಮೈ ಒರೆಸಿಕೊಂಡು ಮಂಚದ ಮೇಲೆ ಕೂತಿದ್ದ ಅತ್ತೆ ಸೊಟ್ಟಗಾದ ಬಾಯಿಂದ "ಆಯ್ತು" ಎಂದಳು.

ಲಕ್ವ ಹೊಡೆದು ಎಡಗಡೆ ನೆಟ್ಟಗೆ ಉಳಿದು ಬಲಗಡೆಯೆಲ್ಲ ಬಿದ್ದುಹೋದ ಮೇಲೆ ಅವಳ ಬಾಯಲ್ಲಿ ಉಳಿದಿದ್ದು ಅದೊಂದೇ ಮಾತು. ಹಸಿವಾದರೂ ಆಯ್ತು, ಹೊಟ್ಟೆ ತುಂಬಿದರೂ ಆಯ್ತು, ನೋವಿಗೂ ಆಯ್ತು. ಗಟ್ಟಿಮುಟ್ಟಾಗಿ ಇದ್ದಷ್ಟು ಕಾಲ ಯಾರ ಮಾತಿಗೂ ಆಯ್ತು ಅನ್ನದವಳಿಗೆ ವಿಧಿ ಹುಡುಕಿ ಹುಡುಕಿ ಅದನ್ನೇ ಉಳಿಸಿಕೊಟ್ಟಿತ್ತು.

ನಾದಿನಿ ಬಾಗಿಲಲ್ಲಿ ಕೇಕಿನ ಡಬ್ಬಿ ಹಿಡಿದು ನಿಂತಿದ್ದಳು. ಹೊಸ ವರ್ಷದ ಮೊದಲ ದಿನ ಅಮ್ಮನ ಮುಖ ನೋಡಿಕೊಂಡು ಹೋಗೋಣವೆಂದು ಬಂದವಳು. "ಅತ್ತಿಗೆ, ಬೀದಿ ತಿರುವಿನವರೆಗೂ ಕೇಳಿಸ್ತಿದೆ" ಎಂದಷ್ಟೇ ಹೇಳಿ, ಡಬ್ಬಿಯನ್ನು ಮೇಜಿನ ಮೇಲಿಟ್ಟು ತಾನೇ ನೆಲ ಒರೆಸುವ ಬಟ್ಟೆ ತಂದಳು. ಬೈದಿದ್ದರೆ ಸೊಸೆಗೆ ಹಗುರವಾಗುತ್ತಿತ್ತು.

ಊಟದ ಹೊತ್ತಿಗೆ ನಾದಿನಿ ಒಂದು ಮಾತು ತೆಗೆದಳು. ಅವಳ ಆಫೀಸಿನಲ್ಲಿ ಎಲ್ಲರೂ ಸುತ್ತ ಕೂತು ಹೊಸ ವರ್ಷಕ್ಕೆ ಏನಾದರೊಂದು ಅಂದುಕೊಂಡಿದ್ದರಂತೆ. "ದೊಡ್ಡ ದೊಡ್ಡ ಶಪಥ ಬೇಡ, ಅದು ವಾರಕ್ಕೇ ಮಕಾಡೆ ಮಲಗುತ್ತೆ. ಮೈಮೇಲೆ ಹೊರೆ ಆಗದಂಥದ್ದು, ಮೆತ್ತಗಿನದು. ಒಬ್ಬೊಬ್ಬರೂ ಒಂದೊಂದು ಹೇಳೋಣ."

ಲೇತ್ ವರ್ಕ್‌ಶಾಪಿನಿಂದ ರಜೆ ಹಾಕಿ ಮನೆಯಲ್ಲಿದ್ದ ಗಂಡ, ಸಂಜೆ ಬಂದ ಮೇಲೆ ಸ್ವಲ್ಪ ಹೊತ್ತು ಅಮ್ಮನ ಹತ್ತಿರ ಕೂರುತ್ತೇನೆ ಎಂದ. ಇನ್ನು ಮೇಲೆ ವಾರಕ್ಕೊಮ್ಮೆ ಬರುತ್ತೇನೆ ಎಂದಳು ನಾದಿನಿ. ಆಮೇಲೆ ಇಬ್ಬರೂ ಸೊಸೆಯ ಕಡೆ ನೋಡಿದರು. ಅವಳು ಹೇಳಬೇಕಾದದ್ದು ತಟ್ಟೆಯಲ್ಲಿ ಬಡಿಸಿಟ್ಟ ಹಾಗೇ ಇತ್ತು.

"ನಾನು ಈ ವರ್ಷ ದನಿ ಏರಿಸೋದಿಲ್ಲ" ಎಂದಳು.

"ಬಸ್ ಸ್ಟ್ಯಾಂಡಿಗೆ ಕೊಡೋ ದನೀಲಿ ಅರ್ಧ ಮನೆಗೆ ಕೊಟ್ರೂ ಸಾಕು" ಎಂದು ಗಂಡ ನಕ್ಕ.

ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಹೊರಡುವ, ಬರುವ ಬಸ್ಸುಗಳನ್ನು ಹೇಳುವವಳು. ಗಾಜಿನ ಗೂಡಿನಿಂದ ಹೊರಡುವ ಆ ದನಿಗೆ ಊರೆಲ್ಲ ಮರುಳಾಗಿತ್ತು. ಬಸ್ಸು ತಡವಾಯಿತೆಂದು ಅವಳು ಹೇಳಿದರೆ ಜನಕ್ಕೆ ಸಿಟ್ಟೇ ಬರುವುದಿಲ್ಲ ಎಂದು ಕಂಡಕ್ಟರುಗಳು ಹೇಳುತ್ತಿದ್ದರು. ಆದರೆ ಈ ಮನೆಯಲ್ಲಿ ಅವಳ ಹೆಸರು ತಗಡು. ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಇಟ್ಟ ಹೆಸರು. "ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗಿದೆಯಲ್ಲೇ ನಿನ್ನ ಗಂಟಲು" ಎಂದಿದ್ದಳು. ಹೊಟ್ಟೆಯಲ್ಲೇ ಸತ್ತ ಕೂಸನ್ನು ಹೆತ್ತು ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ವರಾಂಡದಲ್ಲಿ ಅತ್ತೆ ಯಾರಿಗೋ ಹೇಳಿದ್ದು ಗೋಡೆ ದಾಟಿ ಬಂದಿತ್ತು: "ತಗಡಿನ ಮೇಲೆ ಬೀಜ ಹಾಕಿದ್ರೆ ಇನ್ನೇನಾಗುತ್ತೆ." ಆ ಮೇಲೆ ಮಕ್ಕಳಾಗಲಿಲ್ಲ. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ.

ಅಂದುಕೊಂಡದ್ದನ್ನು ಉಳಿಸಿಕೊಳ್ಳುವುದು ಮೊದಮೊದಲು ಕೆಂಡ ನುಂಗಿದ ಹಾಗಾಗುತ್ತಿತ್ತು. ಕೂಗು ಗಂಟಲವರೆಗೆ ಬಂದು ಅಲ್ಲೇ ಕೂತು ಸುಡುತ್ತಿತ್ತು. ಹಲ್ಲು ಕಚ್ಚಿಕೊಂಡು ಹಾಸಿಗೆ ಬದಲಿಸಿದಳು, ತಲೆ ಬಾಚಿದಳು, ಮಾತ್ರೆ ನುಂಗಿಸಿದಳು. ಹೀಗಿರುವಾಗ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ನೋಡಿದರೆ ಅತ್ತೆಯ ಹಾಸಿಗೆ ಮತ್ತೆ ಒದ್ದೆ. ಸೊಸೆಗೆ ಅರಿವಿಲ್ಲದೆಯೇ ಬಾಯಿಂದ ಮೈಕಿನ ದನಿ ಬಂತು.

"ಇವತ್ತು ಮಧ್ಯಾಹ್ನದ ತನಕ ನೀವು ಇದರಲ್ಲೇ ಬಿದ್ದಿರಬೇಕಾಗುತ್ತೆ. ನಿಮ್ಮದೇ ವಾಸನೆ, ನೀವೇ ಕುಡೀರಿ."

"ಆಯ್ತು" ಎಂದಳು ಅತ್ತೆ.

ಗಡ್ಡಕ್ಕೆ ನೊರೆ ಹಚ್ಚಿಕೊಂಡು ಆಚೆ ಕೋಣೆಯಲ್ಲಿದ್ದ ಗಂಡ ಇಣುಕಿ ನೋಡಿದ. ಅವನ ಮುಖ ಅರಳಿತ್ತು. "ನೋಡು, ಹೀಗೆ ಮಾತಾಡಿದ್ರೆ ಎಷ್ಟು ಚೆನ್ನಾಗಿರುತ್ತೆ. ಅಮ್ಮನೂ ಹೇಗೆ ಆಯ್ತು ಅಂದ್ಳು."

ಅವಳು ಹಾಗೇ ನಿಂತುಬಿಟ್ಟಳು. ಅವನಿಗೆ ಕೇಳಿಸಿದ್ದು ರಾಗ ಮಾತ್ರ.

ಅಲ್ಲಿಂದ ಅವಳಿಗೆ ಕೂಗು ಬೇಕಾಗಲೇ ಇಲ್ಲ. ದಿನಕ್ಕೆ ಒಂದಿಷ್ಟು, ತಲೆಗೆ ಎಣ್ಣೆ ಹಚ್ಚುವಾಗಲೋ ಉಗುರು ಕತ್ತರಿಸುವಾಗಲೋ, ಜೋಗುಳ ಹಾಡಿದಷ್ಟು ಮೆಲ್ಲಗೆ ಹೇಳತೊಡಗಿದಳು. ವರಾಂಡದ ಮಾತನ್ನು ಅತ್ತೆಯ ಕಿವಿಗೇ ತಿರುಗಿ ಹೇಳಿದಳು. ಬೀಜ ಮೊಳೆತ ನಿಮ್ಮ ಹೊಟ್ಟೆಯಿಂದ ಏನು ಬಂತು, ಕೇಳುವವರು ಯಾರಿದ್ದಾರೆ ಎಂದಳು. ನಾದಿನಿ ವಾರಕ್ಕೊಮ್ಮೆ ಬರುವುದು ಎರಡನೇ ವಾರಕ್ಕೇ ನಿಂತಿತ್ತು. ಅವಳ ಮಗುವಿಗೆ ಕಾಯಿಲೆ, ಮನೆಯಲ್ಲಿ ಏನೋ ಗಾರೆ ಕೆಲಸ ಎಂದು ಫೋನು ಬರುತ್ತಿತ್ತು. ಸೊಸೆ ಅದನ್ನು ಅತ್ತೆಗೆ ಬೇರೆಯೇ ರೀತಿಯಲ್ಲಿ ಮುಟ್ಟಿಸಿದಳು. "ದಯವಿಟ್ಟು ಗಮನಿಸಿ, ನಿಮ್ಮ ಮಗಳು ಬರುವುದು ರದ್ದಾಗಿದೆ. ಅಮ್ಮನ ಹತ್ರ ಕೂತ್ರೆ ಹೇಸಿಗೆ ಆಗುತ್ತೆ ಅಂದ್ಳು." ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಅತ್ತೆ ಕೂರುತ್ತಿದ್ದ ಕಿಟಕಿಯ ಬಳಿಯ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಗಂಡ ಅದನ್ನೂ ಮೆಚ್ಚಿದ. ಸಂಜೆ ತಾಯಿಯ ಬಳಿ ಕೂರುತ್ತೇನೆಂದವನು ಈಗ ನಿಶ್ಚಿಂತೆಯಿಂದ ಗೆಳೆಯರ ಜೊತೆ ಕೇರಂ ಆಡಲು ಹೋಗುತ್ತಿದ್ದ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ಮಾತ್ರ ಒಮ್ಮೆ ಹುಬ್ಬು ಗಂಟಿಕ್ಕಿದಳು. "ನೀವು ಹತ್ರ ಬಂದ ತಕ್ಷಣ ಅಜ್ಜಿ ಮೈ ಮರ ಆಗುತ್ತಲ್ಲ." ಮರುಕ್ಷಣ ತಾನೇ ಉತ್ತರವನ್ನೂ ಕೊಟ್ಟುಕೊಂಡಳು: "ಚಳಿ ಇರಬೇಕು. ನಿಮ್ಮಂಥ ಸೊಸೆ ಸಿಗೋಕೆ ಪುಣ್ಯ ಮಾಡಿರಬೇಕು ಬಿಡಿ."

ಆ ದಿನ ಸೊಸೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಕೂಗಲು ನೋಡಿದಳು. ಬಾಯಿ ತೆರೆದಿತ್ತು, ಕೂಗು ಬರಲಿಲ್ಲ. ಇನ್ನು ಸಾಕು ಎಂದು ಆಗಾಗ ಅನಿಸುತ್ತಿತ್ತು. ಆದರೆ ಅತ್ತೆಯ ಮುಖ ಕಂಡೊಡನೆ ನಾಲಿಗೆ ತನ್ನ ಪಾಡಿಗೆ ತಾನು ಮೆತ್ತಗಾಗಿ ಕೆಲಸಕ್ಕೆ ಇಳಿಯುತ್ತಿತ್ತು.

ಸೆಕೆ ಶುರುವಾದ ಮೇಲೆ ಒಂದು ಭಾನುವಾರ ನಾದಿನಿ ಬಂದಳು. ಅವಳನ್ನು ಕಂಡದ್ದೇ ಅತ್ತೆ ಎಡಗೈಯಿಂದ ಅವಳ ತೋಳು ಹಿಡಿದುಕೊಂಡಳು. ಬಟ್ಟೆ ಹರಿಯುವಷ್ಟು ಬಿಗಿಯಾಗಿ. ಬಾಯಿ ಏನೇನೋ ಆಕಾರಕ್ಕೆ ತಿರುಚಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಸುರಿಯಿತು. ಎಲ್ಲ ಸೇರಿ ಹೊರಬಿದ್ದದ್ದು "ಆಯ್ತು, ಆಯ್ತು, ಆಯ್ತು."

ಗೊತ್ತಾಯಿತು, ಈಗ ಇವಳಿಗೆ ಎಲ್ಲ ಗೊತ್ತಾಯಿತು ಅಂದುಕೊಂಡಳು ಸೊಸೆ. ಭಯದ ಹಿಂದೆಯೇ ಒಂದು ಬಗೆಯ ಹಗುರವೂ ಬಂತು.

ನಾದಿನಿ ತಾಯಿಯ ಕಣ್ಣೊರೆಸಿದಳು. ಅವಳ ಕಣ್ಣೂ ತುಂಬಿತ್ತು. "ನೋಡಿ ಅತ್ತಿಗೆ, ನನ್ನ ಕಂಡ ಖುಷಿಗೆ ಅಳು ಬಂತು ಅಷ್ಟೇ, ಇಲ್ಲಿ ಎಷ್ಟು ಸಮಾಧಾನವಾಗಿದ್ದಾಳೆ. ನಿಜ ಹೇಳ್ತೀನಿ, ಇವತ್ತು ಬಂದಿದ್ದೇ ಕರ್ಕೊಂಡು ಹೋಗೋಣ ಅಂತ. ಕೆಳಗಿನ ರೂಮಿಗೆ ಗಾರೆ ಹಾಕ್ಸಿ, ಬಚ್ಚಲು ಮಾಡ್ಸಿ, ನಮ್ಮನೆಯವರನ್ನೂ ಒಪ್ಸಿದ್ದೆ. ನಿಮಗೂ ಎಷ್ಟು ದಿನ ಅಂತ. ಆದ್ರೆ ಇದನ್ನ ನೋಡಿದ್ಮೇಲೆ ಬಾಯೇ ಬರ್ತಿಲ್ಲ. ಬೇರು ಬಿಟ್ಟ ಗಿಡ ಕಿತ್ತು ಬೇರೆ ಕಡೆ ನೆಟ್ರೆ ಉಳಿಯುತ್ತಾ."

ಅತ್ತೆಯ ತಲೆ ಅತ್ತಿಂದಿತ್ತ ಆಡಿತು. "ಆಯ್ತು."

"ಕರ್ಕೊಂಡು ಹೋಗು" ಎಂದಳು ಸೊಸೆ.

"ಬೇಜಾರು ಮಾಡ್ಕೋಬೇಡಿ, ಕರ್ಕೊಂಡು ಹೋಗಲ್ಲ."

"ಅಲ್ಲ, ಕರ್ಕೊಂಡು ಹೋಗು. ನನ್ನ ಕೈಲಿ ಆಗಲ್ಲ. ನಾನು ಇವರಿಗೆ ಒಳ್ಳೇದು ಮಾಡ್ತಿಲ್ಲ. ಇಲ್ಲಿಂದ ಕರ್ಕೊಂಡು ಹೋಗು." ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು. ದನಿ ಏರಿಸಬೇಕೆಂದು ಹೊಟ್ಟೆಯಿಂದ ಎಳೆದಳು. ಬಂದದ್ದು ಅದೇ ಜೇನು.

ನಾದಿನಿ ಅವಳನ್ನು ತಬ್ಬಿಕೊಂಡಳು. "ಇಷ್ಟೆಲ್ಲ ಮಾಡಿಯೂ ಕಮ್ಮಿ ಆಯ್ತು ಅಂತೀರಲ್ಲ. ಅದಕ್ಕೇ ನೀವು ನೀವೇ." ಗಂಡ ಪಕ್ಕದಲ್ಲಿ ನಿಂತು ಹೆಮ್ಮೆಯಿಂದ ತಲೆಯಾಡಿಸಿದ. "ಹೇಳಿದ್ನಲ್ಲ, ಜನವರಿಯಿಂದ ಇವಳು ಬೇರೇನೇ ಮನುಷ್ಯಳು."

ಹೊರಡುವಾಗ ತೋಳು ಬಿಡಿಸಿಕೊಳ್ಳುವುದೇ ನಾದಿನಿಗೆ ಕಷ್ಟವಾಯಿತು. ಬಿಡಿಸಿಕೊಂಡು, ತಾಯಿಯ ಹಣೆಗೆ ಮುತ್ತಿಟ್ಟು ಹೋದಳು. ಗಂಡ ಅವಳನ್ನು ಬೀದಿಯ ತುದಿಯವರೆಗೆ ಬಿಟ್ಟು ಬರಲು ಹೋದ. ಆ ಕೋಣೆಯ ಗಾರೆ ಇನ್ನೂ ಹಸಿಯಾಗಿ ವಾಸನೆ ಬರುತ್ತಿರಬೇಕು ಎಂದು ಸೊಸೆ ಯೋಚಿಸಿದಳು. ಅತ್ತೆಯೂ ಅದನ್ನೇ ಯೋಚಿಸುತ್ತಿರಬಹುದು.

ಕುರ್ಚಿಯಲ್ಲಿದ್ದ ಅತ್ತೆಯ ಎಡಗೈ ಮುಷ್ಟಿ ಕಟ್ಟಿಯೇ ಇತ್ತು. ಏನಿದೆ ಎಂದು ಸೊಸೆ ನೆಲದ ಮೇಲೆ ಕೂತು ಬೆರಳುಗಳನ್ನು ಬಿಡಿಸಹೊರಟಳು. ಕಿರುಬೆರಳು ಬಂತು, ಉಂಗುರದ ಬೆರಳು ಬಂತು. ಸಂದಿಯಲ್ಲಿ ಬಿಳಿಯ ಗುಂಡಿಯ ಅಂಚು ಕಾಣಿಸಿತು, ಅದರಲ್ಲಿ ನಾದಿನಿಯ ಅಂಗಿ ತೋಳಿನಿಂದ ಕಿತ್ತುಬಂದ ನೀಲಿ ದಾರವಿನ್ನೂ ಉಳಿದಿತ್ತು. ಉಳಿದ ಬೆರಳುಗಳು ಮತ್ತೆ ಬಿಗಿದುಕೊಂಡವು. ಸೊಸೆ ಎಳೆಯುವುದನ್ನು ನಿಲ್ಲಿಸಿದಳು, ಆದರೆ ಕೈ ತೆಗೆಯಲಿಲ್ಲ. ಎದುರಿನ ಗೋಡೆಯ ಮೇಲೆ ಬಿದ್ದಿದ್ದ ಸಂಜೆಯ ಬಿಸಿಲು ಮೆಲ್ಲಗೆ ಮೇಲೇರಿ ಮಾಡಿನ ಹತ್ತಿರ ತೆಳ್ಳಗಾಗುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಕೂತರು.