ಬಟನ್ನಿನಲ್ಲಿ ಇಲ್ಲದ ಮಾತು

ನನ್ನ ಮಗಳು ಸಾನಿಯಾ ಮೊಬೈಲಿನಲ್ಲಿ ಆಟ ಆಡುವವಳಲ್ಲ, ಆಟ ಮಾಡುವವಳು. ಈ ವ್ಯತ್ಯಾಸವನ್ನು ಚಳ್ಳಕೆರೆಯ ಜನರ ತಲೆಗೆ ಹತ್ತಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಗಿತ್ತು. ನನ್ನದು ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರು ಹೊತ್ತು ತಂದ ರೈತರು ನಾನು ತಂತಿ ಸುತ್ತಿ ಮುಗಿಸುವ ತನಕ ಬೆಂಚಿನ ಮೇಲೆ ಕೂತಿರಲೇಬೇಕು. ಮಗಳ ಗುಣಗಾನಕ್ಕೆ ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಗಬೇಕು?

"ಆಟ ಅಂದ್ರೆ ಗುಂಡು ಹೊಡೆಯೋದಾ ರಫೀಕ್ ಸಾಬ್ರೇ?" ಎಂದು ಒಮ್ಮೆ ಹಾಲೇಶಪ್ಪ ಕೇಳಿದ.

"ಗುಂಡೂ ಇಲ್ಲ ಗಿಂಡೂ ಇಲ್ಲ. ಕಥೆ ಐತೆ. ಆ ಕಥೆ ಒಳಗೆ ನೀನೇ ನಡ್ಕೊಂಡು ಹೋಗ್ಬೇಕು."

"ಕಥೆ ಕೇಳೋಕೆ ನಾನ್ಯಾಕ್ರಿ ನಡೀಬೇಕು? ಕೂತ್ಕೊಂಡೇ ಕೇಳ್ತೀನಿ."

ನನಗೆ ಸಿಟ್ಟು ಬಂತು. ಅವನ ಮೋಟರನ್ನು ಬೇಕೆಂದೇ ನಿಧಾನವಾಗಿ ಸುತ್ತಿದೆ.

ಆಟದ ಹೆಸರು 'ಕರಡದ ಹಾದಿ'. ಅದರಲ್ಲಿ ಬೋರಕ್ಕ ಎಂಬ ಹುಡುಗಿ, ಹಿಂಡಿನಿಂದ ತಪ್ಪಿಸಿಕೊಂಡ ಒಂದು ಹಸುವನ್ನು ಹುಡುಕುತ್ತಾ ಕರಡ, ಅಂದರೆ ಒಣಹುಲ್ಲು, ತುಂಬಿದ ಕಾವಲಿನಲ್ಲಿ, ದನ ಮೇಯುವ ಬಯಲಿನಲ್ಲಿ, ಅಲೆಯುತ್ತಾಳೆ. ಆಡುವವರು ಅವಳನ್ನು ನಡೆಸಬೇಕು, ದಾರಿಯಲ್ಲಿ ಸಿಕ್ಕವರ ಜತೆ ಮಾತಾಡಿಸಬೇಕು. ಯಾರಾದರೂ ಏನಾದರೂ ಕೇಳಿದರೆ ಪರದೆಯ ಮೇಲೆ ಮೂರು ಉತ್ತರಗಳು ಬರುತ್ತವೆ, ಒಂದನ್ನು ಒತ್ತಬೇಕು. ಹಸು ಸಿಗುತ್ತದೆ. ಆದರೆ ಅಷ್ಟರಲ್ಲಿ ಕಾವಲಿನ ಹುಲ್ಲು ಮುಗಿದಿರುತ್ತದೆ. ಹಿಂಡನ್ನು ಬಹಳ ದೂರದ ಕಾವಲಿಗೆ ಹೊಡೆದುಕೊಂಡು ಹೋಗಲು ಬೋರಕ್ಕ ತನ್ನ ಅವ್ವನನ್ನು ಬಿಟ್ಟು ಹೊರಡುತ್ತಾಳೆ. ಅಲ್ಲಿಗೆ ಆಟ ಮುಗಿಯುತ್ತದೆ.

ಆ ಆಟದಲ್ಲಿ ಬೀಸುವ ಗಾಳಿ ಅಸಲಿ ಗಾಳಿ. ನಾನೇ ಅವಳನ್ನು ಬೈಕಿನಲ್ಲಿ ಕುದಾಪುರದ ಕಡೆಗೆ, ವರವು ಕಾವಲಿನ ಅಂಚಿಗೆ ಕರೆದುಕೊಂಡು ಹೋಗಿದ್ದೆ. ಅವಳು ಹುಲ್ಲಿನ ನಡುವೆ ಮೈಕು ಹಿಡಿದು ಕೂತರೆ ನಾನು ಬರುತ್ತಿದ್ದ ಕೆಮ್ಮನ್ನು ನುಂಗಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದೆ. ಇನ್ನೊಂದು ವಿಷಯ. ಆಟದಲ್ಲಿ ದನಗಳ ತೊಟ್ಟಿಗೆ ನೀರು ಬರಲೆಂದು ಪಂಪ್ ರಿಪೇರಿ ಮಾಡಿಕೊಡುವ ಸಾಬರ ದನಿ ನನ್ನದೇ. ಆ ಮಾತುಗಳನ್ನು ಅಂಗಡಿಯಲ್ಲಿ ಕೇಳದೇ ಉಳಿದ ಗಿರಾಕಿ ಇಲ್ಲ.

ಸಾನಿಯಾ ಎರಡು ವರ್ಷ ಕಷ್ಟಪಟ್ಟು ಮಾಡಿದ ಆಟ ಶುಕ್ರವಾರ ಹೊರಗೆ ಬಂತು. ಯಾರು ಬೇಕಾದರೂ ಮೊಬೈಲಿಗೆ ಇಳಿಸಿಕೊಂಡು ಆಡಬಹುದಿತ್ತು. ಭಾನುವಾರ ಬೆಳಗ್ಗೆ ಮಾರುತೇಶನ ವಿಡಿಯೋ ಬಂತು.

ಮಾರುತೇಶ ಎಂದರೆ ಬಿ.ಜಿ. ಕೆರೆಯ ರೈತರ ಮನೆಯ ಹುಡುಗ. ಶೇಂಗಾ ಬೆಳೆಯುತ್ತಾನೆ, ಬಿಡುವಾದಾಗ ಕಥೆಯಿರುವ ಆಟಗಳನ್ನು ಆಡಿ ಅವುಗಳ ಗುಣದೋಷ ಹೇಳುತ್ತಾನೆ. ಅವನ ಚಾನೆಲ್ಲಿನ ಹೆಸರೇ 'ಗಟ್ಟಿ ಜೊಳ್ಳು'. ಶೇಂಗಾ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಹಾಗೆ ಒಂದೊಂದು ಆಟವನ್ನೂ ನೋಡಿ, ಕೊನೆಗೆ ಗಟ್ಟಿಯೋ ಜೊಳ್ಳೋ ಎಂದು ತೀರ್ಪು ಕೊಡುತ್ತಾನೆ. ಕನ್ನಡದಲ್ಲಿ ಇಂಥ ಆಟ ಆಡುವ ಹುಡುಗರು ಅವನ ಮಾತನ್ನು ತೆಗೆದುಹಾಕುವುದಿಲ್ಲ ಎಂದು ಸಾನಿಯಾ ಹೇಳಿದ್ದಳು. ಅದಕ್ಕೇ ನಾವು ಮೂವರೂ, ನಾನು, ನನ್ನ ಹೆಂಡತಿ ಶಬಾನಾ ಮತ್ತು ಸಾನಿಯಾ, ಚಹಾ ಆರಿಹೋಗುವುದನ್ನೂ ಮರೆತು ನೋಡಿದೆವು.

"ಕಾವಲು ಕಣ್ಣಿಗೆ ಕಟ್ಟಿದಂಗೈತೆ, ಗಾಳಿ ಸದ್ದು ಕೇಳಿದ್ರೆ ಮೈ ಜುಮ್ ಅಂತೈತೆ. ಇದು ಗಟ್ಟಿ," ಎಂದ. ನಾನು ಶಬಾನಾಳ ಕಡೆ ನೋಡಿ ಮೀಸೆ ತಿರುವಿದೆ. "ಸಿನಿಮಾದಾಗೆ ಹುಡುಗಿ ನಡೆಯೋದನ್ನ ನೋಡ್ತೀವಿ. ಇಲ್ಲಿ ನಾವೇ ನಡೀತೀವಿ, ಹಸ ಸಿಗ್ಲಿಲ್ಲ ಅಂದ್ರೆ ನಮಗೇ ಎದೆ ಹೊಡ್ಕೊಳ್ತೈತೆ. ಅದೂ ಗಟ್ಟಿ." ಹಾಲೇಶಪ್ಪನ ಬಾಯಿ ಮುಚ್ಚಿಸುವ ಉತ್ತರ ಕೊನೆಗೂ ಸಿಕ್ಕಿತು ಎಂದುಕೊಂಡೆ.

ಆಮೇಲೆ ಶುರುವಾಯಿತು. "ಇಂಥ ಆಟಗಳದ್ದು ಒಂದು ಹಳೇ ರೋಗ ಐತೆ. ಕಥೆ ನಮ್ಮ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೈತೆ, ಆಮೇಲೆ ಕೈ ಬಿಡೋದೇ ಇಲ್ಲ. ಮೂರು ಉತ್ತರ ಕೊಡ್ತಾರೆ, ಯಾವ್ದು ಒತ್ತಿದ್ರೂ ಹೋಗಿ ನಿಲ್ಲೋದು ಒಂದೇ ಜಾಗಕ್ಕೆ. 'ಕರಡದ ಹಾದಿ'ಗೂ ಅದೇ ರೋಗ. ನಮ್ಮವ್ವ ಈ ಆಟ ಕೈಗೆ ತಗೊಂಡು, ಇನ್ನೇನು ಮುಗೀತು ಅನ್ನೋವಾಗ ಕೆಳಗಿಟ್ಟು ಎದ್ದು ಹೋದ್ಲು. ಕಡೇ ಗಳಿಗೇಲಿ ಬೇಜಾರು ಬರಿಸೋ ಆಟ ಜೊಳ್ಳೇ."

ಸಾನಿಯಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕಂಪ್ಯೂಟರ್ ಮುಚ್ಚಿ, "ಅಬ್ಬಾ, ಇವತ್ತೇ ಆಟ ವಾಪಸ್ ತಗೊಂಡುಬಿಡ್ತೀನಿ," ಎಂದಳು. ಮನೆಯಲ್ಲಿ ನಾವು ಮಾತಾಡುವುದು ಉರ್ದು, ಅಬ್ಬಾ ಅಂದರೆ ಅಪ್ಪ. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಯಾವನೋ ಒಬ್ಬ ಜೊಳ್ಳು ಅಂದ್ರೆ ತಗೊಂಡುಬಿಡೋದಾ?"

"ಅವನು ಅಂದಿದ್ದಕ್ಕಲ್ಲ. ಅವರವ್ವ ಎದ್ದು ಹೋದರಲ್ಲ, ಅದಕ್ಕೆ. ಆಟ ಗೊತ್ತಿಲ್ಲದೋರೂ ಆಡ್ಬೇಕು ಅಂತಾನೇ ಮಾಡಿದ್ದು ನಾನು. ಅವರಿಗೇ ಬೇಜಾರಾದ್ರೆ ಇನ್ಯಾರಿಗೆ ಇಡ್ಲಿ?"

ಎರಡು ವರ್ಷ ಅವಳು ಬೆನ್ನು ಬಗ್ಗಿಸಿ ಕೂತಿದ್ದನ್ನು ನೋಡಿದವನು ನಾನು. ಬೈಕಿನ ಕೀಲಿ ತೆಗೆದುಕೊಂಡು, "ನಡಿ, ಕಂಪ್ಯೂಟರ್ ತಗೋ. ಆ ತಾಯಿ ಯಾಕೆ ಎದ್ದು ಹೋದ್ಲು ಅಂತ ಕೇಳೋಣ. ಕೇಳಿದ್ಮೇಲೂ ತೆಗೀಬೇಕು ಅನ್ಸಿದ್ರೆ ತೆಗಿ," ಎಂದೆ. ಬಾಯಿಗೆ ಬಂದಿದ್ದು ಈ ನ್ಯಾಯದ ಮಾತು. ಮನಸ್ಸಿನಲ್ಲಿದ್ದದ್ದು ಆ ಹುಡುಗನ ಕುತ್ತಿಗೆ ಪಟ್ಟಿ. ಶಬಾನಾಗೆ ಅದು ಗೊತ್ತಾಗಿ, "ಅವನ ಮೇಲೆ ಕೈ ಮಾಡಬೇಡಿ," ಎಂದು ಬಾಗಿಲ ತನಕ ಬಂದು ಹೇಳಿದಳು.

ತಳಕು ದಾಟಿ ಹಿರೇಹಳ್ಳಿ ದಾಟುವವರೆಗೂ ಬೈಯಲು ಒಳ್ಳೊಳ್ಳೆಯ ಮಾತುಗಳನ್ನು ಜೋಡಿಸಿಕೊಂಡೆ. ಬಿ.ಜಿ. ಕೆರೆಯಲ್ಲಿ ಮಾರುತೇಶನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನು ಅಂಗಳದಲ್ಲಿ ಹುಣಸೆ ಮರದ ಕೆಳಗೆ ಟ್ರ್ಯಾಕ್ಟರಿನ ಟೈರಿಗೆ ಗಾಳಿ ತುಂಬುತ್ತಿದ್ದ. ನಮ್ಮನ್ನು ನೋಡಿದವನೇ ಎದ್ದು, "ಬರ್ರಿ, ಕುಂದರ್ರಿ. ಯಾರ್ ಬೇಕಾಗಿತ್ರಿ?" ಎಂದು ಜಗಲಿಯ ಪಕ್ಕಕ್ಕೆ ಮಂಚ ಎಳೆದು ಹಾಕಿದ. ಇಷ್ಟು ಮರ್ಯಾದೆ ಕೊಟ್ಟವನ ಕುತ್ತಿಗೆ ಪಟ್ಟಿ ಹಿಡಿಯುವುದಾದರೂ ಹೇಗೆ? ಜೋಡಿಸಿಕೊಂಡ ಮಾತೆಲ್ಲ ದಂಡವಾಯಿತು.

"ನಾನು 'ಕರಡದ ಹಾದಿ' ಮಾಡಿದೋಳ ಅಪ್ಪ. ಇವ್ಳೇ ಮಾಡಿದೋಳು," ಎಂದೆ, ಆದಷ್ಟು ಗಡಸಾಗಿ.

ಅವನು ಪೆಚ್ಚಾದ. ಆದರೂ ಬಗ್ಗಲಿಲ್ಲ. "ಚೆನ್ನಾಗಿರೋದನ್ನ ಚೆನ್ನಾಗೈತೆ ಅಂತ ಹೇಳಿದ್ದೀನಲ್ರಿ. ಇಲ್ಲದ್ದನ್ನ ಹೆಂಗೆ ಹೇಳ್ಲಿ?"

"ಅವ್ವ ಯಾಕೆ ಎದ್ದು ಹೋದ್ರಣ್ಣ?" ಎಂದು ಸಾನಿಯಾ ಕೇಳಿದಳು.

"ಬೇಜಾರಾಗಿ."

"ಅವರೇ ಹೇಳಿದ್ರಾ?"

"ಕೇಳ್ಲಿಲ್ಲ. ಇನ್ಯಾಕೆ ಏಳ್ತಾರೆ?"

ಅಷ್ಟರಲ್ಲಿ ಅವನ ಅವ್ವ ಕೊಲ್ಲಾಪುರಮ್ಮ ಎರಡು ಲೋಟ ಮಜ್ಜಿಗೆ ಹಿಡಿದು ಹೊರಗೆ ಬಂದಳು. ಗಟ್ಟಿಮುಟ್ಟಾದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಮಾತು ಕಿವಿಗೆ ಬಿದ್ದಿತ್ತು. ಮಜ್ಜಿಗೆಯನ್ನು ನನ್ನ ಕೈಗೆ ಕೊಟ್ಟು ಸಾನಿಯಾಳ ಮುಂದೆ ನಿಂತಳು.

"ಬೋರಕ್ಕನ್ನ ಮಾಡಿದೋಳು ನೀನೇನವ್ವ? ಇಷ್ಟು ಸಣ್ ಹುಡುಗೀನಾ?"

ಸಾನಿಯಾ ತಲೆಯಾಡಿಸಿದಳು.

"ಆ ಹಸ ಸಿಕ್ತಲ್ಲ, ಅದು ತೊಟ್ಟೀಲಿ ನೀರು ಕುಡಿಯೋವಾಗ ಇವ್ನು ಮುಂದಕ್ಕೆ ನಡೆಸವ್ವ ನಡೆಸವ್ವ ಅಂತ ಪ್ರಾಣ ತಿಂದ. ಹಸ ನೀರು ಕುಡಿಯೋವಾಗ ಯಾರಾದ್ರೂ ಹೊಡೀತಾರಾ? ನಾನು ಹೊಟ್ಟೆ ತುಂಬಾ ಕುಡಿಸಿದೆ. ಹೊತ್ತು ಮುಳುಗಿದ್ರೆ ಬೋರಕ್ಕನ್ನ ಮನೆಗೆ ಕರ್ಕೊಂಡು ಬಂದು ಒಲೆ ಮುಂದೆ ಕೂರಿಸ್ತಿದ್ದೆ. ಅವ್ಳೇನು ಕತ್ತಲಾಗೆ ಅಲೀಬೇಕಾ?"

ನಾನು ಮಜ್ಜಿಗೆ ಲೋಟದ ಹಿಂದೆ ನಗು ಮುಚ್ಚಿಕೊಂಡೆ. ಮಾರುತೇಶ ಟೈರಿನ ಕಡೆ ನೋಡಿದ.

"ಮತ್ತೆ ಕೊನೇಲಿ ಯಾಕೆ ನಿಲ್ಸಿಬಿಟ್ರಿ ಅವ್ವಾ?" ಸಾನಿಯಾಳ ದನಿ ಸಣ್ಣದಾಗಿತ್ತು.

ಕೊಲ್ಲಾಪುರಮ್ಮ ಮಂಚದ ತುದಿಗೆ ಕೂತಳು. "ಬೋರಕ್ಕ ಹೊಸ್ತಿಲ ಮೇಲೆ ನಿಂತವ್ಳೆ. ಅವ್ವ ಒಳಗವ್ಳೆ. ಕೆಳಗೆ ಮೂರು ಮಾತು ಬಂದ್ವು. ಇವ್ನು ಓದಿ ಹೇಳ್ದ. 'ಹೋಗ್ತೀನಿ' ಅಂತ ಒಂದು. 'ಹೋಗಲೇಬೇಕು' ಅಂತ ಇನ್ನೊಂದು. ಏನೂ ಮಾತಾಡ್ದೆ ಹೊರಟು ಹೋಗೋದು ಮೂರನೇದು. ಮನೆ ಬಿಟ್ಟು ಹೊರಡೋ ಹೆಣ್ಣುಮಗಳ ಬಾಯಲ್ಲಿ 'ಹೋಗ್ತೀನಿ' ಅನ್ನಿಸ್ಲೇನವ್ವ ನಾನು? ಬಿಡ್ತು ಅನ್ನು. ತೆಲುಗ್ನೋರೂ 'ಪೋಯಿ ವಸ್ತಾ' ಅಂತಾರೆ. ನಿಮ್ ಮನೇಲೇನಂತೀರಿ?"

"ಜಾಕೆ ಆತೂಂ ಅಂತೀವಿ," ಎಂದು ನಾನೇ ಬಾಯಿ ಹಾಕಿದೆ. "ಹೋಗಿ ಬರ್ತೀನಿ ಅಂತ. ಬರೇ ಹೋಗ್ತೀನಿ ಅಂದ್ರೆ ನಮ್ಮಮ್ಮಿ ರಹಮತ್ ಬೀ ವಾಪಸ್ ಕರೆದು ಮತ್ತೆ ಹೇಳಿಸ್ತಿದ್ಲು."

"ಹ್ಞಾ, ನೋಡು. ಅದಕ್ಕೇ ಒತ್ತಲಿಲ್ಲ. ಎದ್ದು ಹೋದೆ."

ಬೇಜಾರಾಗಿ ಅಲ್ಲ! ನನ್ನ ಮಗಳು ಚುಕ್ಕೆ, ಗೆರೆ, ಬಣ್ಣಗಳಿಂದ ಮಾಡಿದ ಹುಡುಗಿಗೆ ಕೇಡಾಗುತ್ತದೆಂದು ಈ ತಾಯಿ ಬೆರಳು ಹಿಂದಕ್ಕೆ ತೆಗೆದಿದ್ದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಕಾಲೇಜು ಕೊಡುತ್ತದೆ? ನನಗೆ ಎದ್ದು ಕುಣಿಯಬೇಕೆನ್ನಿಸಿತು.

ಸಾನಿಯಾ ಕುಣಿಯುವ ಸ್ಥಿತಿಯಲ್ಲಿರಲಿಲ್ಲ. "ಆ ಮಾತು ಗೊತ್ತಿದ್ದೇ ಬಿಟ್ಟಿದ್ದು ಅವ್ವಾ. ನನ್ ಕಥೇಲಿ ಬೋರಕ್ಕ ತಿರುಗಿ ಬರಲ್ಲ. ಬರ್ತೀನಿ ಅನ್ನೋ ಬಟನ್ ಇಟ್ಟು, ಬರಿಸ್ದೇ ಇದ್ರೆ ಆಡಿದೋರಿಗೆ ಮೋಸ ಮಾಡಿದಂಗೆ. ಬರಿಸಿದ್ರೆ ಕಥೆ ಸುಳ್ಳಾಗುತ್ತೆ. ಅದಕ್ಕೇ ಆ ಮಾತು ಇಡಲಿಲ್ಲ."

"ಇದೇ ನೋಡ್ರಿ ನಾನು ಹೇಳಿದ ರೋಗ," ಎಂದ ಮಾರುತೇಶ. "ಕಥೆ ಬರೆದೋರಿಗೆ ಬೇಕಾದ್ದೇ ಆಡೋರು ಹೇಳ್ಬೇಕು." ಹುಡುಗನ ಮಾತಿನಲ್ಲಿ ಹುರುಳಿತ್ತು. ಆದರೂ ಅವನನ್ನು ದುರುಗುಟ್ಟಿ ನೋಡಿದೆ.

ಕೊಲ್ಲಾಪುರಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ಸಾನಿಯಾಳ ಮೊಣಕಾಲಿನ ಮೇಲೆ ಕೈ ಇಟ್ಟಳು. "ಬರ್ತೀನಿ ಅಂದೋರೆಲ್ಲಾ ಬರ್ತಾರೇನವ್ವಾ? ಬರೋಳೂ ಅದನ್ನೇ ಅಂತಾಳೆ, ಬರ್ದೇ ಇರೋಳೂ ಅದನ್ನೇ ಅಂತಾಳೆ. ನಿನ್ ಕಥೆ ನೀನು ಹೆಂಗಾದ್ರೂ ಮಾಡ್ಕೋ. ಆ ಮಾತು ಮಾತ್ರ ಕಿತ್ಕೋಬೇಡ."

ಸಾನಿಯಾ ಮಂಚದ ಮೇಲೇ ಕಾಲು ಮಡಿಚಿ ಕೂತು ಕಂಪ್ಯೂಟರ್ ತೆಗೆದಳು. ಅವಳ ಬೆರಳು ಓಡುವುದನ್ನು ನಾನು ಮನೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಆವತ್ತು ಬೇರೆಯವರ ಅಂಗಳದಲ್ಲಿ, ಬೇರೆಯವರ ಕಣ್ಣೆದುರು ನೋಡುವಾಗ ಎದೆ ಉಬ್ಬಿತು. ಮಾರುತೇಶ ಅವಳ ಭುಜದ ಮೇಲಿಂದ ಇಣುಕಿದ.

"ಮೂರೂ ತೆಗೆದುಬಿಟ್ಯಲ್ಲ! ಒಂದೇ ಬಟನ್ನಾ?"

"ಹ್ಞೂಂ. 'ಹೋಗಿ ಬರ್ತೀನಿ ಅವ್ವಾ.' ಅಷ್ಟೇ."

"ಒಂದೇ ಇದ್ರೆ ಆಯ್ಕೆ ಹೆಂಗಾಯ್ತು? ಅದನ್ನೂ ಜೊಳ್ಳು ಅಂತ ಹೇಳ್ತೀನಿ ನಾನು."

"ಹೇಳಣ್ಣ. ಹೊರಡೋರಿಗೆ ನಮ್ಮ ಕಡೆ ಬೇರೆ ಮಾತೆಲ್ಲೈತೆ? ಯಾವಾಗ ಒತ್ಬೇಕು ಅನ್ನೋದು ಮಾತ್ರ ಆಡೋರಿಗೆ ಬಿಟ್ಟೀನಿ. ಒತ್ತೋ ತನಕ ಅವ್ವನ ಮನೇಲೇ ಇರ್ಬೋದು. ಎಷ್ಟು ಹೊತ್ತಾದ್ರೂ."

ಮಾರುತೇಶ ತಲೆ ಕೆರೆದುಕೊಂಡು ತನ್ನ ಮೊಬೈಲನ್ನು ಅವಳ ಮುಂದೆ ಚಾಚಿದ. ಅದು ನನಗೆ ಮಜ್ಜಿಗೆಗಿಂತ ತಂಪಾಯಿತು.

ಸಾನಿಯಾ ತಂತಿ ಸಿಕ್ಕಿಸಿ ಹೊಸ ಆಟವನ್ನು ಅದಕ್ಕೆ ಇಳಿಸಿದಳು. ಕೊಲ್ಲಾಪುರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೊಬೈಲನ್ನು ತೆಗೆದುಕೊಂಡಳು. ಬೋರಕ್ಕ ಬಿಟ್ಟ ಜಾಗದಲ್ಲೇ, ಹೊಸ್ತಿಲ ಮೇಲೆ ನಿಂತಿದ್ದಳು. ಮಾರುತೇಶ ಬಗ್ಗಿ ಆ ಒಂದು ಮಾತನ್ನು ಓದಿ ಹೇಳಿದ. ಅವನ ಅವ್ವ ಒತ್ತಲಿಲ್ಲ. ಬೋರಕ್ಕನನ್ನು ತಿರುಗಿಸಿ ಒಳಗೆ ಕರೆದೊಯ್ದಳು, ಒಲೆಯ ಮುಂದೆ ಕೂರಿಸಿದಳು, ಕೊಟ್ಟಿಗೆಗೆ ಹೋಗಿ ಹಸುವನ್ನು ತೋರಿಸಿದಳು, ಮತ್ತೆ ಒಲೆಯ ಮುಂದೆ ತಂದಳು. ಈ ಸಲ ಅವಳ ಮಗ ಮುಂದಕ್ಕೆ ನಡೆಸು ಎನ್ನಲಿಲ್ಲ. ಕೊನೆಗೆ ತಾನೇ ಹೊಸ್ತಿಲಿಗೆ ಬಂದು ಒತ್ತಿದಳು.

"ಹೋಗಿ ಬರ್ತೀನಿ ಅವ್ವಾ," ಎಂದು ಬರಹ ಮೂಡಿತು. ಹಿಂಡು ಹೊರಟಿತು. ಬೋರಕ್ಕ ಹುಲ್ಲಿನ ನಡುವೆ ಸಣ್ಣವಳಾಗುತ್ತಾ ಆಗುತ್ತಾ ಕಾಣದಾದಳು. ಬಾಗಿಲಲ್ಲಿ ಅವ್ವ ನಿಂತೇ ಇದ್ದಳು. ಬರೀ ಗಾಳಿಯ ಸದ್ದು.

"ಹುಷಾರು ಕಣವ್ವ," ಎಂದಳು ಕೊಲ್ಲಾಪುರಮ್ಮ, ಮೊಬೈಲಿಗೆ.

ಸಾನಿಯಾ ನನ್ನ ಕಡೆ ತಿರುಗಿ, "ಅಬ್ಬಾ, ತೆಗೆಯಲ್ಲ," ಎಂದಳು. ಈಗ ಅವಳ ಕಣ್ಣು ತುಂಬಿತ್ತು. ನನ್ನ ಕಣ್ಣಿನ ವಿಷಯ ಬಿಡಿ.

"ಮುಗೀತವ್ವ, ಕೊಡಿಲ್ಲಿ. ಚಾರ್ಜು ಕಮ್ಮಿ ಐತೆ, ಆಫ್ ಮಾಡ್ತೀನಿ," ಎಂದು ಮಾರುತೇಶ ಕೈ ಚಾಚಿದ.

ಕೊಲ್ಲಾಪುರಮ್ಮ ಅವನ ಕೈಗೆ ಪಟ್ಟನೆ ಒಂದು ಕೊಟ್ಟಳು. "ಎಲ್ಲಿ ಮುಗೀತೋ? ಬರ್ತೀನಿ ಅಂದವ್ಳೆ. ಇವ್ರೆಲ್ಲಾ ಸಾವಿರ ಹೇಳ್ಲಿ, ನಾವು ಬಾಗಿಲು ಹಾಕ್ಕೊಂಡ್ರೆ ಆ ಹುಡುಗಿ ಬಂದು ಎಲ್ಲಿ ನಿಲ್ಲಬೇಕು?"

ನಾನು ಎದ್ದು ಒಳಗೆ ಹೋಗಿ, ಗೋಡೆಯಲ್ಲಿದ್ದ ಚಾರ್ಜರ್ ಕಿತ್ತು ತಂದು, ಜಗಲಿಯ ಪ್ಲಗ್ಗಿಗೆ ಹಾಕಿ, ತಂತಿಯ ಇನ್ನೊಂದು ತುದಿಯನ್ನು ಆ ತಾಯಿಯ ಕೈಯಲ್ಲಿದ್ದ ಮೊಬೈಲಿಗೆ ಸಿಕ್ಕಿಸಿದೆ.