ಹುಲ್ಲು ಮುಚ್ಚಿದ ಗುಡ್ಡದ ದಾರಿ

ಕಾರ್ತಿಕ ಬಂತೆಂದರೆ ಕರಿಕೆ ಊರಿನವರಿಗೆ ಗುಡ್ಡ ಹತ್ತುವ ಕಾಲ. ಮದುವೆಯಿರಲಿ, ನಾಮಕರಣವಿರಲಿ, ಭಾಗಮಂಡಲದ ಕಡೆಗೆ ಕಾಲುದಾರಿಯೇ ಗತಿ. ಮಳೆ ನಿಂತಿತು, ಇನ್ನು ದಾರಿಗೆ ಭಯವಿಲ್ಲ ಎಂದುಕೊಳ್ಳುವವರೇ ಹೆಚ್ಚು. ಬೊಳ್ಳಪ್ಪನೂ ಹಾಗೆಯೇ ಅಂದುಕೊಂಡಿದ್ದ.

ಅವನ ಹೆಂಡತಿ ಪೊನ್ನಮ್ಮನ ತಂಗಿಯ ಮದುವೆ ಗುಡ್ಡದಾಚೆ ಇತ್ತು. ಮದುವೆಯ ಮುನ್ನಾದಿನ ಬೆಳಿಗ್ಗೆ ಇಬ್ಬರೂ ಹೊರಟರು. ಪೊನ್ನಮ್ಮನ ಸೊಂಟದಲ್ಲಿ ಪುಟ್ಟ ಮಗಳು ಬೆಳ್ಳಿ. ಪಕ್ಕದ ಮನೆಯ ಗಂಗಮ್ಮ ಹಿಂದಿನ ದಿನವಷ್ಟೇ ಆ ಗುಡ್ಡ ಇಳಿದು ಬಂದವಳು. ಬೇಲಿಯ ಹತ್ತಿರವೇ ತಡೆದಳು.

"ಬೊಳ್ಳಪ್ಪಣ್ಣ, ಮೇಲಿನ ದಾರೀಲಿ ಹೋಗ್ಬೇಡಿ. ತಿರುವಿನ ಹತ್ರ ಮಣ್ಣು ಜರಿದಿದೆ. ಹುಲ್ಲು ಬಗ್ಗಿ ಮುಚ್ಚಿದ್ರಿಂದ ಕಾಣೋದೇ ಇಲ್ಲ. ನಾವು ಕೆಳಗೆ ನೀರು ಹರಿಯೋ ತೋಡಿನ ಬದಿಯಿಂದ ಸುತ್ತಿ ಬಂದದ್ದು."

"ಸುತ್ತಿ ಹೋದ್ರೆ ಕತ್ತಲಾಗ್ತದೆ ಗಂಗಕ್ಕ. ನಂಗೆ ಗೊತ್ತಿಲ್ಲದ ದಾರಿಯಾ ಅದು?"

"ನೀವು ನಡೆದದ್ದು ಮಳೆಗೆ ಮುಂಚೆ ಅಲ್ವಾ ಮಾರಾಯ್ರೆ?"

ಬೊಳ್ಳಪ್ಪ ನಕ್ಕು ಮುಂದೆ ನಡೆದ.

ಮೇಲೆ ಮಂಜು ಕವಿದಿತ್ತು. ಕಲ್ಲುಗಳ ಮೇಲೆ ಒದ್ದೆ ತರಗೆಲೆ. ಪೊನ್ನಮ್ಮ ಒಮ್ಮೆ ಜಾರಿ ಸಾವರಿಸಿಕೊಂಡಳು. ಬೊಳ್ಳಪ್ಪ ಮಗುವಿಗೆ ಕೈಚಾಚಿದ. ಬೆಳ್ಳಿ ಅಮ್ಮನ ಕುತ್ತಿಗೆ ಬಿಗಿಯಾಗಿ ಹಿಡಿದು ಅತ್ತಳು. "ಇರ್ಲಿ ಬಿಡಿ, ನೀವು ಮುಂದೆ ನಡೀರಿ," ಎಂದಳು ಪೊನ್ನಮ್ಮ.

ತಿರುವಿನಲ್ಲಿ ದಾರಿ ಎಂದಿನಂತೆಯೇ ಕಂಡಿತು. ಬೊಳ್ಳಪ್ಪ ಹುಲ್ಲಿನ ಮೇಲೆ ಕಾಲಿಟ್ಟ. ಅಡಿಯಲ್ಲಿ ನೆಲವಿರಲಿಲ್ಲ.

ಕೆಳಗಿದ್ದ ಪೊದೆ ಅವನನ್ನು ತಡೆಯಿತು. ಕಾಲು ಉಳುಕಿತ್ತು. ಪೊನ್ನಮ್ಮ ಮಗುವನ್ನು ಅಂಚಿನಿಂದ ದೂರ ಕೂರಿಸಿದಳು. ತಂಗಿಗೆಂದು ಒಯ್ಯುತ್ತಿದ್ದ ಹೊಸ ಸೀರೆಯನ್ನು ಗಂಟಿನಿಂದ ತೆಗೆದು, ಒಂದು ತುದಿಯನ್ನು ಮರಕ್ಕೆ ಕಟ್ಟಿ, ಇನ್ನೊಂದನ್ನು ಕೆಳಕ್ಕೆ ಬಿಟ್ಟಳು. ಅವನು ಅದನ್ನು ಹಿಡಿದು ತೆವಳುತ್ತಾ ಮೇಲೆ ಬಂದ. ಸೀರೆ ಹರಿದುಹೋಗಿತ್ತು. ಇಬ್ಬರೂ ಮನೆಗೆ ತಿರುಗಿದರು. ಮರುದಿನ ಮುಹೂರ್ತದ ಹೊತ್ತಿಗೆ ಪೊನ್ನಮ್ಮ ಒಲೆಯ ಮುಂದೆ ಕುಳಿತು ಅತ್ತಳು.

ಅಂದು ಸಂಜೆ ಗಂಗಮ್ಮ ಬಿಸಿ ಎಣ್ಣೆ ತಂದು ಅವನ ಕಾಲಿಗೆ ಹಚ್ಚಿದಳು. ಹೇಳಿದ್ದೆನಲ್ಲ ಎನ್ನಲಿಲ್ಲ. ಬೊಳ್ಳಪ್ಪನೇ ಬಾಯಿಬಿಟ್ಟ.

"ಮಗು ನನ್ನ ಹತ್ರ ಬಂದಿದ್ರೆ ಎಂತ ಆಗ್ತಿತ್ತು ಗಂಗಕ್ಕ?"

ಗಂಗಮ್ಮ ಎಣ್ಣೆ ತಿಕ್ಕುತ್ತಲೇ ಇದ್ದಳು. ಅವನೇ ಮತ್ತೆ ಕೇಳಿದ: "ಇನ್ಯಾರಾದ್ರೂ ಆ ಕಡೆ ಹೊರಟಿದ್ದಾರಾ?"

"ಪದ್ಮಯ್ಯನ ಮನೆಯವರು ನಾಳೆ ಹೋಗ್ತಾರಂತೆ."

"ಅವನನ್ನ ಈಗ್ಲೇ ಕರೀರಿ. ನಾನೇ ಹೇಳ್ಬೇಕು."

ಪದ್ಮಯ್ಯ ಬಂದು ಆ ಊದಿದ ಕಾಲು ನೋಡಿದ. ಮರುದಿನ ಅವನ ಮನೆಯವರು ತೋಡಿನ ಬದಿಯಿಂದಲೇ ಹೋದರು.

ಬಂಧುಗಳೇ, ನಮ್ಮ ಕೊಡಗಿನಲ್ಲಿ ಬಸ್ಸು ಮುಟ್ಟದ ಊರುಗಳು ಇನ್ನೂ ಬಹಳ. ಗುಡ್ಡ ಹತ್ತುವ ಮೊದಲು, ಮಳೆ ನಿಂತ ಮೇಲೆ ಆ ದಾರಿಯಲ್ಲಿ ಬಂದವರನ್ನು ವಿಚಾರಿಸಿ. ಕೈಯಲ್ಲಿ ಕೋಲಿರಲಿ, ಹುಲ್ಲು, ತರಗೆಲೆ ಕಂಡಲ್ಲಿ ಕೋಲು ಊರಿ ನೋಡಿಯೇ ಕಾಲಿಡಿ. ಮಂಜು ದಟ್ಟವಾದರೆ ನಿಲ್ಲಿ. ನೀವು ಕಂಡ ಅಪಾಯವನ್ನು ಮೊದಲು ಸಿಕ್ಕ ಮನೆಯಲ್ಲಿ ಹೇಳಿ ಹೋಗಿ. ಸುತ್ತುದಾರಿ ಹಿಡಿದರೆ ತಡವಾದೀತು, ಆಗಲಿ. ತಡವಾಗಿ ಬಂದವರಿಗೂ ಮದುವೆಮನೆಯಲ್ಲಿ ಎಲೆ ಹಾಕುತ್ತಾರೆ.