ಮೂರನೇ ವಾರ್ಡಿನ ಗೆರೆ

2025ರ ನವೆಂಬರ್ 17, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ.

"ಎದ್ದು ನಿಂತ್ಕಳಮ್ಮಿ ಮೆಂಬ್ರು. ಸರ್ಕಾರದೋರು ನಿಂಗೊಂದು ಕಾಗ್ದ ಕಳ್ಸವ್ರೆ. ಕುಂಡಿ ಊರ್ಕಂಡೇ ಈಸ್ಕತ್ತೀಯೇನು?"

ರೇವಣಸಿದ್ದಯ್ಯ ತನ್ನ ಕೊಬ್ಬರಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಸ್ನಾನ ಮುಗಿಸಿ ಬಂದಿದ್ದರಿಂದ ಹಣೆಯ ವಿಭೂತಿ ಇನ್ನೂ ಒದ್ದೆಯಾಗಿತ್ತು. ಒಳಗೆ ಹತ್ತು ಜನ ಚಿಪ್ಪಿನ ರಾಶಿಗಳ ನಡುವೆ ಕೂತು ಕೊಬ್ಬರಿ ಬಿಡಿಸುತ್ತಿದ್ದರು. ಸಿದ್ದಮ್ಮ ಕೂಡಲೇ ಏಳಲಿಲ್ಲ. ಅವಳ ಎಡಗೈಯಲ್ಲಿದ್ದ ಕಾಯಿಗೆ ಎರಡು ಏಟು ಬಿದ್ದಿತ್ತು, ಇನ್ನೆರಡು ಬಾಕಿ ಇತ್ತು. ಕಾಯನ್ನು ತಿರುಗಿಸಿ, ಮಚ್ಚಿನ ಬೆನ್ನಿನಿಂದ ಆ ಎರಡನ್ನೂ ಹಾಕಿದಳು. ಚಿಪ್ಪು ಸುತ್ತಲೂ ಬಿರಿಯಿತು. ಒಳಗಿನಿಂದ ಕಂದು ಬಣ್ಣದ ಉಂಡೆ ಕೊಬ್ಬರಿ, ಒಂದು ಗೀರೂ ಇಲ್ಲದೆ, ಅಂಗೈಗೆ ಉರುಳಿತು. ಅದನ್ನು ರಾಶಿಗೆ ಹಾಕಿ ಎದ್ದಳು.

ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿ ಅದು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅಷ್ಟಾದ ಮೇಲೂ ಏಟು ಹಗುರವಾದರೆ ಚಿಪ್ಪು ಬಿಡುವುದಿಲ್ಲ, ಜೋರಾದರೆ ಉಂಡೆಗೆ ಗಾಯ. ಗಾಯವಾದದ್ದು ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಎನಿಸಿಕೊಳ್ಳದು, ಹೋಳಾಗುತ್ತದೆ, ಬೆಲೆ ಕಳೆದುಕೊಂಡು ಮೂಲೆಗೆ ಬೀಳುತ್ತದೆ. ಸಿದ್ದಮ್ಮನದು ಇಪ್ಪತ್ತಾರು ವರ್ಷ ಪಳಗಿದ ಕೈ. ಸಾವಿರ ಕಾಯಿಗೆ ಒಂದೋ ಎರಡೋ ಕೆಡುತ್ತಿದ್ದವು. ಐದು ವರ್ಷದ ಹಿಂದೆ ಕಾಲೋನಿಯವರು ಅವಳನ್ನು ಮೂರನೇ ವಾರ್ಡಿನಿಂದ ಪಂಚಾಯ್ತಿಗೆ ಗೆಲ್ಲಿಸಿದ ಮೇಲೂ ಅವಳು ಈ ಶೆಡ್ಡಿಗೆ ಬರುವುದು ಬಿಟ್ಟಿರಲಿಲ್ಲ. ಮೀಟಿಂಗ್ ಇದ್ದ ದಿನ ಮಾತ್ರ ಕೈ ತೊಳೆದು ಹೋಗುತ್ತಿದ್ದಳು.

ರೇವಣಸಿದ್ದಯ್ಯ ಮಡಚಿದ ಜೆರಾಕ್ಸ್ ಹಾಳೆಯನ್ನು ಚಿಪ್ಪಿನ ರಾಶಿಯ ಮೇಲೆ ಎಸೆದ.

"ಓದೇ ಶಿಲ್ಪಾ. ನೀನು ಬಿಎಸ್ಸಿ ಮಾಡ್ಕಂಡು ಚಿಪ್ಪು ಒಡೀತಿದ್ದೀಯಲ್ಲ, ಓದು. ನಿಮ್ ಮೆಂಬ್ರಿಗೂ ಕೇಳ್ಲಿ."

ಶಿಲ್ಪ ಕಾಲೋನಿಯ ಸೊಸೆ, ಸಿದ್ದಮ್ಮನ ಮನೆಯ ಎದುರು ಮನೆಯವಳು. ಹಾಳೆ ಎತ್ತಿಕೊಂಡು ಓದಿದಳು. ಮೂರನೇ ವಾರ್ಡು ರದ್ದಾಗಿತ್ತು. ಕಾಲೋನಿಯ ನಡುವಿನ ಚರಂಡಿಯೇ ಹೊಸ ಗಡಿ. ಚರಂಡಿಯ ಪಶ್ಚಿಮಕ್ಕಿದ್ದ ನಲವತ್ತಮೂರು ಮನೆ ಊರಿನ ಎರಡನೇ ವಾರ್ಡಿಗೆ, ಪೂರ್ವಕ್ಕಿದ್ದ ನಲವತ್ತೊಂದು ಮನೆ ಕೆರೆಯಾಚೆಯ ಐದನೇ ವಾರ್ಡಿಗೆ.

ಅವಳು ಹಾಳೆಯ ಅಂಚಿನಲ್ಲೇ ಬೆರಳಾಡಿಸಿ ಲೆಕ್ಕ ಹಾಕಿದಳು. "ಅಕ್ಕಾ, ಎರಡ್ನೇ ವಾರ್ಡಲ್ಲಿ ಅವ್ರ ಓಟು ಆರುನೂರ ಹತ್ತು, ನಮ್ಮವು ನೂರ ನಲವತ್ತೆಂಟು. ಐದ್ರಲ್ಲಿ ಐನೂರ ಎಂಬತ್ತಕ್ಕೆ ನಾವು ನೂರ ನಲವತ್ಮೂರು. ಇನ್ನು ನಾವು ಎಲ್ಲೂ ಗೆಲ್ಲಕಾಗಲ್ಲ."

"ನೋಡ್ದಾ, ಓದಿದ್ದು ವೇಸ್ಟ್ ಆಗಿಲ್ಲ," ಎಂದು ರೇವಣಸಿದ್ದಯ್ಯ ನಕ್ಕ. "ಹೆಣ ಹೊರಕೆ ದಾರಿ ಬೇಕು ಅಂತ ನನ್ನ ತೋಟದಾಗೆ ಒಂಬತ್ತು ಮರ ಕಡಿಸ್ದಲ್ಲ ಸಿದ್ದಮ್ಮ, ಫಲ ಬಿಡೋ ಮರ. ಇನ್ಮೇಲೆ ಚರಂಡಿ ಆಚೆ ಸತ್ತೋರು ಕೆರೆ ಏರಿ ಮೇಲೆ ಹೋಗ್ಲಿ, ಈಚೆ ಸತ್ತೋರು ನಮ್ಮನೆ ಬಾಗ್ಲಿಗೆ ಬಂದು ಕೇಳ್ಲಿ. ಆಮ್ಯಾಕೆ ನೋಡಣ."

"ಇದನ್ನ ನೀವೇ ಬರೆಸಿರೋದು ಬುದ್ಧಿ," ಎಂದಳು ಸಿದ್ದಮ್ಮ.

"ನಾನಾ? ಶಿವ ಶಿವಾ. ಗೆರೆ ಎಳ್ದೋನು ನಿನ್ನ ಗಂಡ ಕಣಮ್ಮಿ. ಟೇಪಿನ ಮುಂದ್ಲ ತುದಿ ಹಿಡ್ಕಂಡು ನಡೆದೋನು ಕುಳವಾಡಿ ಹನುಮಂತಯ್ಯನೇ. ಮನೇಗೋಗಿ ಕೇಳು. ಈಗ ಕುಂತ್ಕಂಡು ಒಡಿ, ಗುರುವಾರ ಲಾರಿ ಬತ್ತದೆ."

ಸಿದ್ದಮ್ಮ ಕೂತಳು. ಅವತ್ತು ಅವಳ ಕೈಯಲ್ಲಿ ಹದಿನಾಲ್ಕು ಉಂಡೆ ಗಾಯವಾದವು.

ಆ ದಾರಿಗೆ ಅವಳು ನಾಲ್ಕು ವರ್ಷ ಹೋರಾಡಿದ್ದಳು. ಹಳೇ ನಕಾಶೆಯಲ್ಲಿದ್ದ ಹನ್ನೊಂದು ಅಡಿಯ ಸ್ಮಶಾನದ ಓಣಿಯನ್ನು ರೇವಣಸಿದ್ದಯ್ಯನ ತೋಟ ನುಂಗಿತ್ತು. ಅವಳ ಅತ್ತೆ ಸತ್ತಾಗ ಹೆಣ ಹೊತ್ತವರು ಗೇಟಿನ ಮುಂದೆ ಬಿಸಿಲಲ್ಲಿ ಎರಡೂವರೆ ಗಂಟೆ ನಿಂತಿದ್ದರು. ಯಜಮಾನರ ಪೂಜೆ ಮುಗಿಯಬೇಕಿತ್ತು. ಗೆದ್ದ ಮೇಲೆ ಅವಳು ಮೀಟಿಂಗು ಮೀಟಿಂಗಿಗೂ ಅದೇ ಮಾತು ಎತ್ತಿ, ಕೊನೆಗೆ ಅಳತೆ ಮಾಡಿಸಿ, ಮರ ಕಡಿಸಿದ್ದಳು. ಕಾಲೋನಿಗೆ ಸ್ವಂತದ್ದು ಅಂತ ಇದ್ದದ್ದು ಆ ಒಂದು ಸೀಟು. ಅದು ಹೋದರೆ ದಾರಿಯೂ ಹೋದಂತೆಯೇ.

ಸಂಜೆ ಹನುಮಂತಯ್ಯ ಬೇರೆಯವರ ತೋಟದಲ್ಲಿ ಕಾಯಿ ಕಿತ್ತು ಬಂದು ಕಾಲು ತೊಳೆಯುತ್ತಿದ್ದ. ಅವಳು ಹಾಳೆಯನ್ನು ಅವನ ಮುಂದೆ ಹಿಡಿದಳು.

"ಟೇಪು ಹಿಡ್ದಿದ್ದಾ?"

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಚೊಂಬು ಕೆಳಗಿಟ್ಟ.

ಆ ಮನೆಯವರು ತಲೆತಲಾಂತರದಿಂದ ಊರಿನ ಕುಳವಾಡಿಗಳು. ಎರಡು ಊರಿಗೆ ಗಡಿ ಜಗಳ ಬಿದ್ದರೆ ಈ ಮನೆಯ ಗಂಡಸು ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು ನಡೆಯಬೇಕು. ಅವನು ನಡೆದದ್ದೇ ಗಡಿ, ಅದರ ಮೇಲೆ ಯಾವ ಗೌಡನೂ ಮಾತಾಡುವಂತಿರಲಿಲ್ಲ. ಊರಿನ ಬಾವಿ ಮುಟ್ಟಗೊಡದವರೂ ಅವನ ಹೆಜ್ಜೆಯನ್ನು ಒಪ್ಪುತ್ತಿದ್ದರು. ಹನುಮಂತಯ್ಯನ ತಾತ ಹಾಗೆ ನಡೆದಿದ್ದ. ಅಪ್ಪನ ಕಾಲಕ್ಕೆ ಸರ್ವೆಯವರು ಬಂದು, ಕುಳವಾಡಿಯನ್ನು ಕೇಳುವವರೇ ಇಲ್ಲವಾಗಿದ್ದರು.

"ಆಗಸ್ಟಲ್ಲಿ ತಾಲ್ಲೂಕಾಫೀಸ್ನೋರು ಬಂದ್ರು ಕಣಮ್ಮಿ. ನೀನು ಶೆಡ್ಡಲ್ಲಿದ್ದೆ. ಕುಳವಾಡಿ ಯಾರು, ಅವ್ನಿಲ್ದೆ ಗಡಿ ಆಯ್ತದಾ ಅಂದ್ರು. ನಂಗೆ ಕುರ್ಚಿ ಹಾಕುದ್ರು. ನಮ್ಮಪ್ಪಂಗೆ ಯಾರಾದ್ರೂ ಕುರ್ಚಿ ಹಾಕಿದ್ರಾ? ಮನೆ ಹಕ್ಕುಪತ್ರ ಕೊಡಕೆ ಅಳೀತಾವ್ರೆ ಅಂತ ಎಲ್ರೂ ಅಂದ್ರು. ನಾನು ನೀರು ಹುಯ್ಕಂಡು, ತಾತನ ರುಮಾಲು ಸುತ್ಕಂಡು, ಚಪ್ಪಲಿ ಬಿಟ್ಟು ನಡೆದೆ."

"ಚರಂಡಿ ಗುಂಟ."

"ಅವ್ರು ಹೆಂಗಂದ್ರೆ ಹಂಗೆ. ಹೆಂಗಸ್ರು ಮಜ್ಜಿಗೆ ಕೊಟ್ರು ಅವ್ರಿಗೆ."

"ಮಜ್ಜಿಗೆ ಬೇರೆ ಕೊಟ್ರಾ! ಥೂ ನಿನ್ನ. ಒಂದು ಕುರ್ಚಿ ಕೊಟ್ಟು ಕೇರೀನೇ ಕಿತ್ಕಂಡ್ರಲ್ಲಯ್ಯಾ. ಮನೇಗೆ ಬಂದು ನಂಗೊಂದು ಮಾತು ಹೇಳಕೆ ಏನಾಗಿತ್ತು ನಿಂಗೆ?"

"ಹಕ್ಕುಪತ್ರ ಬಂದ್ಮ್ಯಾಕೆ ಹೇಳಣ ಅಂತಿದ್ದೆ. ನೀನು ಹೊಡ್ದುಬುಡು ನನ್ನ," ಎಂದ ಹನುಮಂತಯ್ಯ. ನೀರಿನಲ್ಲಿ ನೆಂದ ತನ್ನ ಪಾದಗಳನ್ನೇ ನೋಡುತ್ತಿದ್ದ. ಅವಳು ಹೊಡೆಯಲಿಲ್ಲ. ಹೊಡೆಯಬೇಕಾದವರು ಯಾರೆಂದು ಅವಳಿಗೆ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಶೆಟ್ಟಿಕೆರೆ ಕಡೆಯಿಂದ ಬರುವ ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಹೋದರು. ಅರ್ಜಿಯನ್ನು ಶಿಲ್ಪ ಬರೆದುಕೊಟ್ಟಿದ್ದಳು. ಹನ್ನೊಂದಕ್ಕೆ ಹೋದವರಿಗೆ ಎರಡೂ ಹತ್ತಕ್ಕೆ ಒಳಗೆ ಬರಲು ಹೇಳಿದರು. ವಾರ್ಡುಗಳನ್ನು ನೋಡಿಕೊಳ್ಳುವ ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಬಸವಕುಮಾರ ಕೂತು ಕಾಫಿ ಕುಡಿಯುತ್ತಿದ್ದ. ರೇವಣಸಿದ್ದಯ್ಯನ ಮಗ, ಪಂಚಾಯ್ತಿಯ ಅಧ್ಯಕ್ಷ.

"ಕರಡು ಪ್ರಕಟಿಸಿ ಆಕ್ಷೇಪಣೆಗೆ ಏಳು ದಿನ ಕೊಟ್ಟಿದ್ವಲ್ಲಮ್ಮ," ಎಂದ ಅಧಿಕಾರಿ, ಅರ್ಜಿಯನ್ನು ಮುಟ್ಟದೆ. "ಲಿಖಿತವಾಗಿ ಕೊಡಬೇಕಿತ್ತು. ಅವಧಿ ಶನಿವಾರಕ್ಕೆ ಮುಗೀತು."

"ಎಲ್ಲಿ ಪ್ರಕಟ ಮಾಡಿದ್ರಿ ಸಾ?"

"ಪಂಚಾಯ್ತಿ ನೋಟಿಸ್ ಬೋರ್ಡಲ್ಲಿ."

"ನಾನು ಪಂಚಾಯ್ತಿ ಮೆಂಬ್ರು. ಬಾಗ್ಲಲ್ಲಿರೋ ಬೋರ್ಡ್ನ ನೋಡ್ದೆ ಒಳೀಕೆ ಹೋಗಲ್ಲ."

"ಬಾಗ್ಲಲ್ಲಿರೋದಲ್ಲ ಸಿದ್ದಮ್ಮ," ಎಂದ ಬಸವಕುಮಾರ. "ನನ್ನ ರೂಮೊಳಗೆ ಇನ್ನೊಂದು ಐತಲ್ಲ, ಅದ್ರಲ್ಲಿ. ತಟ್ಟಿದ್ರೆ ತೆಗೀತಿದ್ದೆ."

ಅಧಿಕಾರಿ ಕಡತದಿಂದ ಒಂದು ಮಹಜರು ತೆಗೆದು ಅವರ ಕಡೆ ತಿರುಗಿಸಿದ. 'ಗ್ರಾಮದ ಕುಳವಾಡಿಯು ಸ್ವ-ಇಚ್ಛೆಯಿಂದ ತೋರಿಸಿದ ಗಡಿಯಂತೆ.' ಕೆಳಗೆ ಹನುಮಂತಯ್ಯನ ಹೆಬ್ಬೆಟ್ಟು.

"ಸಾ, ಅದು ಚರಂಡಿ ಸಾ, ಗಡಿ ಅಲ್ಲ," ಎಂದ ಹನುಮಂತಯ್ಯ. "ಎಲ್ಲಿ ನಡೀಬೇಕು ಅಂತ ನೀವೇ ಹೇಳಿದ್ರಿ."

"ನಡೆದೋನು ಯಾರಪ್ಪ?"

ಅಧಿಕಾರಿ ಸಿದ್ದಮ್ಮನ ಕಡೆ ತಿರುಗಿದ.

"ಜನಸಂಖ್ಯೆ ಸರಿದೂಗಿಸಬೇಕಮ್ಮ, ನಿಯಮ ಇರೋದೇ ಹಾಗೆ. ನಿಮ್ಮೋರಿಗೆ ಮೀಸಲು ಸೀಟು ಎಲ್ಲೋ ಒಂದು ಕಡೆ ಬಂದೇ ಬರುತ್ತೆ."

"ಅದ್ಕೂ ಜನ ನೋಡಿದ್ದೀವಿ," ಎಂದು ಬಸವಕುಮಾರ ಲೋಟ ಕೆಳಗಿಟ್ಟ. "ನಮ್ಮ ತೋಟದ ಮನೇಲಿ ಒಬ್ಬ ಅವ್ನೆ. ಸೈ ಹಾಕು ಅಂದ ಕಡೆ ಹಾಕ್ತಾನೆ, ಕೂತ್ಕೋ ಅಂದ್ರೆ ಕೂತ್ಕತ್ತಾನೆ. ನಿಮ್ಮ ಜಾತಿಯೋನೇ, ಬೇಜಾರ್ ಮಾಡ್ಕಬೇಡಿ. ನಾಳೆ ಬೇಗ ಬಾ ಸಿದ್ದಮ್ಮ, ಲೋಡು ತುಂಬಬೇಕು."

ಬಸ್ ಸ್ಟ್ಯಾಂಡಿನಲ್ಲಿ ಹನುಮಂತಯ್ಯ ಚಹಾ ಕುಡಿಯಲಿಲ್ಲ. ಸಿದ್ದಮ್ಮ ಎರಡು ಲೋಟ ಕುಡಿದಳು.

ಗುರುವಾರ ಬೆಳಿಗ್ಗೆ ಎಂಟಕ್ಕೇ ಅವಳು ಶೆಡ್ಡಿನಲ್ಲಿದ್ದಳು. ಬರುವ ಮುಂಚೆ ಮಚ್ಚನ್ನು ಮನೆಯ ಮುಂದಿನ ಕಲ್ಲಿಗೆ ಮಸೆದಿದ್ದಳು. ಕೊಬ್ಬರಿ ಬಿಡಿಸುವವರು ಮಚ್ಚಿನ ಬಾಯನ್ನು ಮೊಂಡಾಗಿಯೇ ಇಟ್ಟುಕೊಳ್ಳುತ್ತಾರೆ, ಕೈ ತಪ್ಪಿದರೂ ಉಂಡೆಗೆ ತಾಗಬಾರದೆಂದು. ಇವತ್ತು ಅದು ಮಿಂಚುತ್ತಿತ್ತು.

ಮೊದಲ ಕಾಯಿಯನ್ನು ಎಡಗೈಗೆ ತೆಗೆದುಕೊಂಡು ಅಲ್ಲಾಡಿಸಿದಳು. ಗಡಗಡ ಎಂದಿತು. ಬೆನ್ನಿನಿಂದ ನಾಲ್ಕು ಏಟು ಹಾಕಿದಳು, ಉಂಡೆ ಇಡಿಯಾಗಿ ಬಂತು. ಅದನ್ನು ಮುಂದಿನ ಮರದ ದಿಮ್ಮಿಯ ಮೇಲಿಟ್ಟು, ಮಚ್ಚನ್ನು ಕೈಯಲ್ಲಿ ತಿರುಗಿಸಿ, ಒಂದೇ ಏಟಿಗೆ ಸೀಳಿದಳು. ಬಿಳಿಯ ಒಳಮೈ ಎರಡು ಬಟ್ಟಲಾಗಿ ಬಿತ್ತು. ಒಂದು ಹೋಳನ್ನು ಬಲಕ್ಕೆ ಎಸೆದಳು, ಒಂದನ್ನು ಎಡಕ್ಕೆ.

ಪಕ್ಕದಲ್ಲಿದ್ದ ಹುಚ್ಚಮ್ಮ ಕೈ ನಿಲ್ಲಿಸಿದಳು. ಅರವತ್ತರ ಮೇಲಿನ ಹೆಂಗಸು, ಚರಂಡಿಯ ಪೂರ್ವದವಳು. "ಏನೇ ಸಿದ್ದಿ, ಕೈ ತಪ್ತಾ?"

"ಇಲ್ಲ ಕಣಕ್ಕ."

ಎರಡನೆಯದನ್ನೂ ಸೀಳಿದಳು.

"ಅಯ್ಯೋ ಮುಂಡೇದೆ, ನಾಳೆ ಹೊಟ್ಟೆಗೇನು ತಿಂತೀಯೇ?"

"ಕೂಲಿಗೆ ಬ್ಯಾರೆ ಶೆಡ್ಡಿಲ್ವಾ? ಸಂಪಿಗೆ ಊರ್ ಕಡೆ ಹೋಗ್ತೀನಿ. ನೀನು ಸುಮ್ನೆ ನಿನ್ ಕೆಲ್ಸ ಮಾಡು, ನಿನ್ನ ನಾನು ಕರೀನಿಲ್ಲ."

ಸ್ವಲ್ಪ ಹೊತ್ತು ಶೆಡ್ಡಿನಲ್ಲಿ ಎರಡು ಬಗೆಯ ಸದ್ದಿತ್ತು: ಒಂಬತ್ತು ಮಚ್ಚುಗಳ ಟಕಟಕ, ನಡುವೆ ನಡುವೆ ಒಂದು ಮಚ್ಚಿನ ಧಪ್. ಶಿಲ್ಪ ಎದ್ದು ಹೋಗಿ ಬಾಗಿಲ ಬಳಿಯ ಕಲ್ಲಿಗೆ ತನ್ನ ಮಚ್ಚು ಮಸೆಯತೊಡಗಿದಳು. ಅವಳಾದ ಮೇಲೆ ಇನ್ನೊಬ್ಬಳು, ಆಮೇಲೆ ಇಬ್ಬರು ಗಂಡಸರು. ಹುಚ್ಚಮ್ಮ ಕೊನೆಗೆ ಎದ್ದಳು. "ನನ್ನ ಗಂಡನ್ನ ಮಣ್ಣು ಮಾಡಕೆ ಹೋದಾಗ್ಲೂ ತೋಟದ ಗೇಟಲ್ಲಿ ನಿಲ್ಸಿದ್ದ ಬೋಳಿಮಗ," ಎಂದು ತನಗೇ ಹೇಳಿಕೊಂಡಂತೆ ಹೇಳಿ, ಮಸೆಯಲು ಕೂತಳು.

ಒಂಬತ್ತೂವರೆಯ ಹೊತ್ತಿಗೆ ಒಂದೇ ಸದ್ದು ಉಳಿಯಿತು. ಯಾರೂ ಆತುರಪಡಲಿಲ್ಲ, ಯಾರೂ ಬೇಕಾಬಿಟ್ಟಿ ಕೊಚ್ಚಲಿಲ್ಲ. ಅದುವರೆಗೆ ಬಿಡಿಸಿದ್ದ ಉಂಡೆಗಳನ್ನೂ ಹುಡುಕಿ ತಂದು ಸೀಳಿದರು. ಇಷ್ಟು ಶ್ರದ್ಧೆಯಿಂದ ಅವರು ಆ ಶೆಡ್ಡಿನಲ್ಲಿ ಹಿಂದೆಂದೂ ದುಡಿದಿರಲಿಲ್ಲ. ಹೋಳುಗಳು ಎರಡು ರಾಶಿಯಾಗಿ ಬೆಳೆದವು, ನಡುವೆ ಒಂದು ಮೊಳದ ಓಣಿ ಬಿಟ್ಟು. ಸಿದ್ದಮ್ಮನಿಗೆ ತೋಳು ನೋಯಲಿಲ್ಲ. ಪ್ರತಿ ಏಟಿಗೂ ಒಂದು ಮುಖ ನೆನಪು ಮಾಡಿಕೊಳ್ಳುತ್ತಿದ್ದಳು. ಮುಖಗಳು ಮುಗಿದರೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ಹನ್ನೊಂದೂವರೆಗೆ ಲಾರಿ ಬಂತು. ಹಿಂದೆಯೇ ಬಸವಕುಮಾರ ಬೈಕಿನಲ್ಲಿ ಬಂದ. ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಓಡಿಹೋಗಿ ಅಪ್ಪನನ್ನು ಕರೆತಂದ.

"ಯಾವಳೇ ಇದು ಮಾಡ್ದೋಳು?" ರೇವಣಸಿದ್ದಯ್ಯ ಒಂದು ಹೋಳು ಎತ್ತಿಕೊಂಡ, ಇನ್ನೊಂದು ಎತ್ತಿಕೊಂಡ, ಇಡಿಯಾದ ಒಂದಾದರೂ ಸಿಕ್ಕೀತೇ ಎಂದು ರಾಶಿಯೊಳಗೆ ಕೈ ಹಾಕಿದ. "ವರ್ಷದ ಕೊಬ್ಬರಿ ಕಣ್ರೋ! ಉಂಡ ಮನೆಗೆ ಬೆಂಕಿ ಇಟ್ರಲ್ಲೋ ನನ್ಮಕ್ಳಾ!"

"ಉಂಡೋರ್ಯಾರು ನಿಮ್ಮನೇಲಿ?" ಸಿದ್ದಮ್ಮ ಕೂತಲ್ಲಿಂದಲೇ ಕೇಳಿದಳು. "ಜಗ್ಲಿ ಹತ್ತಿಸಿದ್ರಾ ಯಾವತ್ತಾದ್ರೂ? ಸರಿದೂಗ್ಸಿದ್ದೀವಿ ರೇವಣಸಿದ್ದಯ್ಯೋರೇ. ಆ ಕಡೀಕೆ ಎಷ್ಟೋ ಈ ಕಡೀಕೂ ಅಷ್ಟೇ. ಎಣಿಸಿ ನೋಡ್ಕಳಿ."

ಇಪ್ಪತ್ತಾರು ವರ್ಷದಲ್ಲಿ ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಕೈಯೆತ್ತಿ ಎರಡು ಹೆಜ್ಜೆ ಮುಂದೆ ಬಂದ. ಹತ್ತು ಮಚ್ಚುಗಳು ಹತ್ತು ಮೊಣಕಾಲುಗಳ ಮೇಲೆ ಇದ್ದವು. ಯಾರೂ ಅವನ್ನು ಎತ್ತಲಿಲ್ಲ, ಕೆಳಗೂ ಇಡಲಿಲ್ಲ. ಅವನು ನಿಂತ.

"ಪೊಲೀಸ್ರನ್ನ ಕರೀತೀನಿ," ಎಂದು ಬಸವಕುಮಾರ ಫೋನು ತೆಗೆದ. "ಒಬ್ಬೊಬ್ರುನ್ನೂ ಒಳೀಕೆ ಹಾಕಿಸ್ತೀನಿ."

"ಕರೀರಿ. ಬಂದು ಕೇಳಿದ್ರೆ ಯಾಕೆ ಸೀಳಿದ್ವಿ ಅಂತ ನಾನೇ ಹೇಳ್ತೀನಿ. ಶೆಡ್ಡಲ್ಲಿ ಹೇಳ್ತೀನಿ, ಸ್ಟೇಷನ್ನಲ್ಲಿ ಹೇಳ್ತೀನಿ, ಕೋರ್ಟಲ್ಲೂ ಹೇಳ್ತೀನಿ. ನೋಟಿಸು ರೂಮೊಳಗೆ ಅಂಟಿಸಿದ್ದೂ ಹೇಳ್ತೀನಿ." ಸಿದ್ದಮ್ಮ ಎದ್ದು ಸೀರೆಗೆ ಅಂಟಿದ್ದ ಪುಡಿ ಕೊಡವಿಕೊಂಡಳು. "ಅದ್ಕೆ ಮುಂಚೆ ತೂಕ ಹಾಕ್ಸಿ. ನಾಳೆ ಹತ್ತು ಗ್ರಾಂ ಕದ್ದಿದ್ರು ಅಂತ ಯಾರೂ ಅನ್ಬಾರ್ದು."

ಲಾರಿಯ ಆಳುಗಳು ಕದಲಲಿಲ್ಲ. ಅಷ್ಟರಲ್ಲಿ ಹನುಮಂತಯ್ಯ ಬಂದ. ಲಾರಿಗೆ ಮೂಟೆ ಹೊರಲು ಅವನಿಗೂ ಹೇಳಿ ಕಳಿಸಿದ್ದರು. ಎರಡು ರಾಶಿಯನ್ನೂ ನೋಡಿದ, ಹೆಂಡತಿಯ ಮುಖ ನೋಡಿದ. ಏನೂ ಕೇಳದೆ ಗೋಣಿಚೀಲ ಬಿಡಿಸಿ ತುಂಬತೊಡಗಿದ. ಎಡಗಡೆಯವನ್ನು ಬೇರೆ ಚೀಲಕ್ಕೆ, ಬಲಗಡೆಯವನ್ನು ಬೇರೆ ಚೀಲಕ್ಕೆ. ಒಂದೊಂದಾಗಿ ಹೊತ್ತು ತಂದು ತಕ್ಕಡಿಯ ಮೇಲೆ ಇಳಿಸಿದ. ಕೆಂಪು ಅಂಕಿಗಳು ಓಡಿ ನಿಂತಾಗಲೆಲ್ಲ ಶಿಲ್ಪ ಗಟ್ಟಿಯಾಗಿ ಓದಿದಳು, ಅವಳೇ ಕೂಡಿಸಿದಳು. ರೇವಣಸಿದ್ದಯ್ಯ ಚಿಪ್ಪಿನ ರಾಶಿಯ ಮೇಲೆ ಕೂತುಬಿಟ್ಟಿದ್ದ.

ಉಂಡೆ: ಇಲ್ಲ. ಹೋಳು: ನಾನೂರ ಹದಿನಾರು ಕಿಲೋ ಮುನ್ನೂರು ಗ್ರಾಂ.